ಅತ್ತೆಯ ಕಾವಲಲ್ಲಿ ಮರುಪರೀಕ್ಷೆ

ಪಾಸಾದವನನ್ನು ಜನ ಒಂದು ದಿನ ಮಾತಾಡಿಸಿ ಬಿಟ್ಟುಬಿಡುತ್ತಾರೆ. ಫೇಲಾದವನನ್ನು ಬಿಡುವುದೇ ಇಲ್ಲ. ಅದರಲ್ಲೂ ನಲವತ್ತು ದಾಟಿ, ಮೀಸೆಯಲ್ಲಿ ಬಿಳಿಕೂದಲು ಬಂದ ಮೇಲೆ ಫೇಲಾದವನಿಗೆ ಇಂಥ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಅವನು ಮಾಡಬೇಕಾದ್ದೇನೂ ಇಲ್ಲ, ಮನೆಯಲ್ಲಿ ಕೂತಿದ್ದರೆ ಸಾಕು.

ನನ್ನ ಮನೆ ಯಳಂದೂರಿನಲ್ಲಿ, ನೌಕರಿ ಕೊಳ್ಳೇಗಾಲದ ಒಬ್ಬ ಕಂಟ್ರಾಕ್ಟರ್ ಬಳಿ. ಹನೂರು, ರಾಮಾಪುರದ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪು ಹಾಕಿಸುವುದು ನನ್ನ ಕೆಲಸ. ಆಫೀಸಿನಲ್ಲಿ ಮ್ಯಾನೇಜರ್ ಕುರ್ಚಿ ಅಂತ ಒಂದಿದೆ. ಗಾಜಿನ ಕೋಣೆ, ಮೇಲೆ ಫ್ಯಾನು, ಹಿಂದೆ ದೇವರ ಪಟ. ಕೆಲಸವೆಲ್ಲ ನಾನು ಮಾಡಿಸುತ್ತಿದ್ದರೂ ಆ ಕುರ್ಚಿ ಖಾಲಿಯಾಗಿಯೇ ಇತ್ತು. ಒಂದು ದಿನ ಮಾಲೀಕರು ಕರೆದು, ಮುಂದೆ ದೊಡ್ಡ ಕೆಲಸವೊಂದು ಬರುತ್ತದೆ, ಅದಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸಾದ ಮ್ಯಾನೇಜರೇ ಬೇಕಂತೆ, ತಮ್ಮ ಅಳಿಯ ಆಗಲೇ ಪಾಸಾಗಿ ಕೂತಿದ್ದಾನೆ ಎಂದರು. ನ್ಯಾಯವಂತರು. ನನಗೂ ಒಂದು ಅವಕಾಶ ಕೊಟ್ಟರು. ದಸರಾದೊಳಗೆ ನಾನು ಪಾಸಾದರೆ ಕುರ್ಚಿ ನನಗೆ, ಇಲ್ಲವಾದರೆ ಅಳಿಯನಿಗೆ.

ಆ ಕುರ್ಚಿ ನನಗೆ ಬೇಕಿತ್ತು. ಇದರಲ್ಲಿ ಮುಚ್ಚಿಡುವಂಥದ್ದೇನಿದೆ? ಬಿಸಿಲಲ್ಲಿ ನಿಂತು ನಿಂತು ನನ್ನ ತಲೆಯ ಮೇಲೆ ಕೂದಲು ಉಳಿದಿಲ್ಲ. ಆ ಫ್ಯಾನಿನ ಕೆಳಗೆ ಒಂದು ಸಲ ಕೂರಬೇಕು ಅಂತ ಆಸೆ. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. ಕಂಪ್ಯೂಟರು ಅಲ್ಲೇ, ಮುಖದ ಮೇಲೇ, ಫೇಲು ಎಂದಿತು. ದಸರಾಕ್ಕೆ ಮುಂಚೆ ಇನ್ನೊಂದು ಸಲ ಕೂರಬಹುದಿತ್ತು. ಆ ಎರಡು ಪರೀಕ್ಷೆಗಳ ನಡುವಿನ ಕತೆ ಇದು.

ಸಂತಾಪಕ್ಕೆ ಬಂದವರು

ಫೇಲಾದ ಸುದ್ದಿಯನ್ನು ನಾನು ಹೆಂಡತಿಗೆ ಮಾತ್ರ ಫೋನಿನಲ್ಲಿ ಹೇಳಿದ್ದೆ. ಅವಳು ಅಕ್ಕನಿಗೆ ಮಾತ್ರ ಹೇಳಿದ್ದಳು. ನಾನು ಯಳಂದೂರಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ಹೂವು ಮಾರುವವಳು ಕೂಡ ನನ್ನನ್ನು ನೋಡಿ ತಲೆ ತಗ್ಗಿಸಿದಳು.

ಮರುದಿನ ಬೆಳಗ್ಗೆಯಿಂದ ಜನ ಬರತೊಡಗಿದರು. ಬಂದವರು ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ಸ್ವಲ್ಪ ಹೊತ್ತು ನೆಲ ನೋಡುತ್ತ ಕೂರುವರು. ಆಮೇಲೆ ಯಾರಾದರೊಬ್ಬರು ಮೆಲ್ಲಗೆ ಬಾಯಿ ತೆರೆಯುವರು. ಎಷ್ಟೊತ್ತಿಗೆ ಗೊತ್ತಾಯ್ತು? ಜೊತೇಲಿ ಯಾರಿದ್ದರು? ಮುಂಚೆಯೇ ಏನಾದರೂ ಸೂಚನೆ ಇತ್ತಾ? ಎದುರುಮನೆಯಾತ ಹಿಂದಿನ ವಾರವಷ್ಟೇ ನನ್ನನ್ನು ಬಸ್‌ಸ್ಟಾಂಡಿನಲ್ಲಿ ನೋಡಿದ್ದನಂತೆ, ಆಗ ಚೆನ್ನಾಗಿಯೇ ಇದ್ದೆನಂತೆ. ನಮ್ಮ ಕೈಲೇನಿದೆ ಎಂದು ಇನ್ನೊಬ್ಬರು ಮೇಲೆ ನೋಡಿದರು. ನನ್ನ ತಾಯಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಪರೀಕ್ಷೆ ಯಾವುದೆಂದು ಗೊತ್ತಿರಲಿಲ್ಲ, ಆದರೆ ಇಷ್ಟು ಜನ ಬಂದಿರುವಾಗ ಅಳದಿದ್ದರೆ ಚೆನ್ನಾಗಿರುವುದಿಲ್ಲ.

ಮಧ್ಯಾಹ್ನಕ್ಕೆ ಮಾಂಬಳ್ಳಿಯಿಂದ ನಮ್ಮ ಸೋದರತ್ತೆ ಬಂದರು. ಸೋದರತ್ತೆ ಎಂದರೆ ನಮ್ಮಪ್ಪನ ಅಕ್ಕ. ಅಪ್ಪ ಹೋದ ಮೇಲೆ ನಮ್ಮ ಮನೆಯ ಒಳ್ಳೇದು ಕೆಟ್ಟದ್ದಕ್ಕೆಲ್ಲ ಅವರೇ ಹೈಕಮಾಂಡ್. ತಲೆಯ ಮೇಲೆ ಪಾತ್ರೆ. ಅದರಲ್ಲಿ ಅನ್ನ, ಸಾರು. ಇಂಥ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ಅವರಾಗಿಯೇ ತೀರ್ಮಾನಿಸಿ ಬಸ್ಸಿನಲ್ಲಿ ಹೊತ್ತು ತಂದಿದ್ದರು. ನನ್ನ ತಟ್ಟೆಗೆ ಬಡಿಸಿ, ತಲೆ ಸವರಿ ಹೇಳಿದರು.

"ಉಣ್ಣು ಕೂಸು. ಓದದ್ದು ಓಯ್ತು. ಇರೋರಾದ್ರೂ ಉಣ್ಬೇಕಲ್ಲ."

ಅಷ್ಟು ಹೊತ್ತಿಗೆ ಹೋದದ್ದು ಪರೀಕ್ಷೆಯೋ ನಾನೋ ಎಂದು ನನಗೇ ಅನುಮಾನ ಬಂದಿತ್ತು. ಆದರೂ ಸಾರು ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಸಂಜೆ ಅತ್ತೆ ಪಾತ್ರೆ ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟರು. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವವರು ಹೋಗಿ ಬರುತ್ತೇನೆ ಎನ್ನುವುದಿಲ್ಲ. ಅಂಥ ಕೆಲಸಕ್ಕೆ ಮತ್ತೆ ಬರುವಂತಾಗದಿರಲಿ ಎಂದು ಸುಮ್ಮನೆ ಎದ್ದು ಹೋಗುತ್ತಾರೆ. ಅತ್ತೆ ಹೊಸಿಲು ದಾಟಿದರು, ಅಂಗಳ ದಾಟಿದರು, ತಿರುಗಿಯೂ ನೋಡದೆ ಬಸ್‌ಸ್ಟಾಂಡಿನ ಕಡೆ ನಡೆದೇಬಿಟ್ಟರು.

ಜನರ ವಿಷಯದಲ್ಲಿ ಫೇಲು

ಈ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ. ಯಾವ ವಿಷಯದಲ್ಲಿ ಎಷ್ಟು ದಡ್ಡ ಎಂದು ಮಾತ್ರ ತಿಳಿಸುತ್ತಾರೆ. ನಾನು ಅತಿ ಹೆಚ್ಚು ದಡ್ಡನಾಗಿದ್ದುದು 'ಜನ' ಎಂಬ ಭಾಗದಲ್ಲಿ. ಇದನ್ನು ಕೇಳಿ ಮಾಲೀಕರು ಕುರ್ಚಿ ಅಲ್ಲಾಡುವಷ್ಟು ನಕ್ಕರು. ದಿನಾ ಬೆಳಗಾದರೆ ನಾನು ಮೇಯಿಸುವುದೇ ಜನರನ್ನು.

ತಪ್ಪಾದದ್ದು ಎಲ್ಲಿ ಎಂದು ನನಗೆ ಗೊತ್ತಿತ್ತು. ತಂಡದಲ್ಲಿ ಇಬ್ಬರು ಜಗಳವಾಡಿದರೆ ಮೊದಲು ಏನು ಮಾಡುತ್ತೀರಿ ಎಂಬಂಥ ಪ್ರಶ್ನೆಗಳಿಗೆಲ್ಲ ನಾನು ನಿಜ ಬರೆದಿದ್ದೆ. ನಾನು ಮಾಡುವುದು ಇಷ್ಟೆ. ಒಬ್ಬನನ್ನು ಪಕ್ಕಕ್ಕೆ ಕರೆದು ಟೀ ಕೊಡಿಸಿ, ನೀನು ದೊಡ್ಡವನು ಬುಡು ಎನ್ನುತ್ತೇನೆ. ಆಮೇಲೆ ಇನ್ನೊಬ್ಬನನ್ನು ಕರೆದು, ಇನ್ನೊಂದು ಅಂಗಡಿಯಲ್ಲಿ ಟೀ ಕೊಡಿಸಿ, ಅದೇ ಮಾತು ಹೇಳುತ್ತೇನೆ. ಇಬ್ಬರೂ ಗೆದ್ದೆವೆಂದುಕೊಂಡು ಕೆಲಸಕ್ಕೆ ಇಳಿಯುತ್ತಾರೆ. ಪುಸ್ತಕದ ಪ್ರಕಾರ ಇದು ಅತಿ ಕೀಳು ದರ್ಜೆಯ ಮದ್ದು. ಇಬ್ಬರನ್ನೂ ಎದುರುಬದುರು ಕೂರಿಸಿ, ಮನಸ್ಸು ಬಿಚ್ಚಿ ಮಾತಾಡಿಸಿ, ಮೂಲ ಕಾರಣ ಹುಡುಕಬೇಕು.

ಮರುಪರೀಕ್ಷೆಗೆ ಪುಸ್ತಕದ ಪ್ರಕಾರವೇ ಬದುಕಿ ಅಭ್ಯಾಸ ಮಾಡೋಣವೆಂದು ಪಣ ತೊಟ್ಟೆ. ಅವಕಾಶವೂ ಬಂತು. ರಾಮಾಪುರದ ಹತ್ತಿರ ನಮ್ಮ ಜೆಸಿಬಿ ಡ್ರೈವರಿಗೂ ಪೈಪು ಜೋಡಿಸುವ ಫಿಟ್ಟರಿಗೂ ಕಾದಾಟ ಹತ್ತಿತು. ಫಿಟ್ಟರು ಜಾಯಿಂಟ್ ಪರೀಕ್ಷೆ ಮಾಡುವ ಮುಂಚೆಯೇ ಡ್ರೈವರು ಗುಂಡಿಗೆ ಮಣ್ಣು ತಳ್ಳಿಬಿಟ್ಟಿದ್ದ. ಇಬ್ಬರನ್ನೂ ಹುಣಸೆಮರದ ಕೆಳಗೆ ಎದುರುಬದುರು ಕೂರಿಸಿದೆ. ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡಿ ಎಂದೆ.

ಹೇಳಿದರು. ಮಣ್ಣಿನಿಂದ ಮಾತು ಬುತ್ತಿಗೆ ಹೋಯಿತು, ಬುತ್ತಿಯಿಂದ ಯಾರದೋ ಬೀಗರೂಟಕ್ಕೆ ಹೋಯಿತು. ಅಲ್ಲಿ ಒಬ್ಬನ ಎಲೆಗೆ ಬರೀ ಮೂಳೆ ಬಿದ್ದಿತ್ತಂತೆ. ಬಡಿಸಿದವನು ಇನ್ನೊಬ್ಬನ ಬಾಮೈದನಂತೆ. ಮೂಲ ಕಾರಣ ಹಿಂದಕ್ಕೆ ಹಿಂದಕ್ಕೆ ಹೋಗುತ್ತಲೇ ಇತ್ತು. ಫಿಟ್ಟರು ಗಡಿಯ ಕಡೆಯವನು, ಸಿಟ್ಟು ಬಂದರೆ ತಮಿಳಿಗೆ ಇಳಿಯುತ್ತಾನೆ. ಆ ಭಾಗ ನನಗೆ ಅರ್ಥವಾಗದೆ ಹೋದದ್ದು ಪುಣ್ಯ. ಗುಂಡಿಯಲ್ಲಿದ್ದವರೆಲ್ಲ ಹಾರೆ ಗುದ್ದಲಿ ಬಿಟ್ಟು ಬಂದು ಸುತ್ತ ಕೂತರು. ಅವರಲ್ಲೂ ಎರಡು ಪಕ್ಷವಾಯಿತು. ಅವತ್ತು ಒಂದು ಮಾರು ಪೈಪೂ ಇಳಿಯಲಿಲ್ಲ.

ಕೊನೆಗೆ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದರು. ಅಕ್ಕಪಕ್ಕ ನಿಂತು, ಒಂದೇ ಫೋನಿಗೆ ಬಾಯಿಟ್ಟು, ಮಾಲೀಕರಿಗೆ ಕರೆ ಮಾಡಿದರು.

"ನಮ್ ಸಾ ಮೊದ್ಲು ಇಂಗಿರ್ನಿಲ್ಲ. ಪರೀಕ್ಸೆ ಫೇಲಾದ್ಮೇಲೆ ತಲೆ ನಿಗಾ ಇಲ್ಲ ಕಣ್ರಿ. ಯಾರ್ಗಾದ್ರೂ ತೋರ್ಸಿ."

ಜಗಳವನ್ನು ಮುಖಾಮುಖಿಯಾಗಿ ಬಗೆಹರಿಸಿದರೆ ತಂಡದಲ್ಲಿ ಒಗ್ಗಟ್ಟು ಮೂಡುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಮೂಡಿತು.

ನಿಂತು ಮಾಡುವ ಮೀಟಿಂಗು

ಆ ಫೋನು ಹೋದ ಮೇಲೆ ಮಾಲೀಕರು ನನ್ನ ಓದಿನ ಬಗ್ಗೆ ಕಾಳಜಿ ಹೆಚ್ಚಿಸಿಕೊಂಡು, ಪಾಠ ಹೇಳಿಕೊಡಲು ಅಳಿಯನನ್ನೇ ಕಳಿಸಿದರು. ನಾನು ಪಾಸಾದರೆ ಕುರ್ಚಿ ಕಳೆದುಕೊಳ್ಳುವವನೇ ನನ್ನ ಮೇಷ್ಟ್ರು. ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿಲ್ಲ. ಹನೂರು ಯಾವ ದಿಕ್ಕಿಗಿದೆ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಪುಸ್ತಕ ಓದಿದರೆ ಬಾರದು, ಕೆಲಸದ ಜಾಗದಲ್ಲೇ ತೋರಿಸುತ್ತೇನೆ ಎಂದು ಬಿಳಿ ಶೂ ಹಾಕಿಕೊಂಡು ಬಂದ. ಹನೂರಿನಾಚೆ ರಸ್ತೆ ಬದಿಯಲ್ಲಿ ಗುಂಡಿ ತೋಡಿಸುತ್ತಿದ್ದೆ. ಎಲ್ಲರನ್ನೂ ಮೇಲಕ್ಕೆ ಕರೆಸಿ ಸುತ್ತ ನಿಲ್ಲಿಸಿದ. ಇದಕ್ಕೆ ನಿಂತು ಮಾಡುವ ಮೀಟಿಂಗು ಅಂತಾರೆ, ಕೂತರೆ ಮಾತು ಬೆಳೆಯುತ್ತದೆ, ನಿಂತರೆ ಬೇಗ ಮುಗಿಯುತ್ತದೆ ಎಂದು ವಿವರಿಸಿದ. ಪ್ರತಿಯೊಬ್ಬರೂ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಕೆಲಸಕ್ಕೆ ಅಡ್ಡಿ ಏನು, ಇಷ್ಟು ಹೇಳಬೇಕು. ಮುಂದೆ ನಿಂತಿದ್ದ ಹೆಂಗಸಿನಿಂದ ಶುರುವಾಯಿತು.

"ನೆನ್ನೆ ಗುಂಡಿ ತೋಡ್ದಿ ಸಾ. ಇವತ್ತೂ ಗುಂಡಿ ತೋಡ್ತೀನಿ. ಅಡ್ಡಿ ಅಂದ್ರೆ, ಇದೇ ಕಣ್ಸಾ ಈಗ."

ಅಳಿಯ ಅದನ್ನು ಪ್ರಾಮಾಣಿಕವಾಗಿ ಬರೆದುಕೊಂಡ. ಆಮೇಲೆ ನಾಯಕನಾದವನು ತಂಡದ ಸೇವಕನಾಗಿರಬೇಕು ಎಂಬ ವಿಷಯ ಎತ್ತಿಕೊಂಡು ಭಾಷಣಕ್ಕೆ ನಿಂತ. ಬಿಸಿಲು ಏರಿತು. ಮಾಲೀಕರ ಅಳಿಯ ನಿಂತಿರುವುದನ್ನು ನೋಡಲಾರದೆ ಯಾರೋ ಟೀ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಬೇಡ ಬೇಡ ಎಂದು ಕೂತ. ಇನ್ನೊಬ್ಬರು ಕೊಡೆ ಹಿಡಿದರು. ಸೇವಕನಾಗಿರಬೇಕು ಎಂಬುದರ ಉಳಿದ ಭಾಗವನ್ನು ಕುರ್ಚಿಯಲ್ಲಿ ಕೂತು, ಕೊಡೆಯ ಕೆಳಗೆ, ಎಳನೀರು ಕುಡಿಯುತ್ತ ಮುಗಿಸಿದ. ನಿಂತು ಮಾಡುವ ಮೀಟಿಂಗಿನಲ್ಲಿ ನಾವೆಲ್ಲ ಚೆನ್ನಾಗಿ ನಿಂತೆವು.

ಯಾರೋ ಅದರ ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದರು. ಎಲ್ಲರಿಗಿಂತ ಮೊದಲು ಮಾಲೀಕರ ಉತ್ತರ ಬಂತು. ಅಳೀಮಯ್ಯ ಕೂತಿರುವ ಗತ್ತು ನೋಡಿ ಕಲಿಯಬೇಕಂತೆ, ಮ್ಯಾನೇಜರ್ ಕುರ್ಚಿಯಲ್ಲಿ ಕೂರುವುದೆಂದರೆ ಹೀಗಂತೆ. ಅದನ್ನು ಓದಿ, ಫೋನು ಜೇಬಿಗಿಟ್ಟು, ಕ್ಯಾಲೆಂಡರು ನೋಡಿದೆ. ದಸರಾಕ್ಕೆ ಹೆಚ್ಚು ದಿನವಿರಲಿಲ್ಲ.

ಮನೆಯ ಸಮಿತಿ

ಅಂದಿನಿಂದ ಹಠ ಹಿಡಿದು ಓದಿದೆ. ಪ್ರಶ್ನೆ ಕೇಳಲು ಯಾರೂ ಇಲ್ಲವೆಂದು ಹೆಂಡತಿಯ ಕೈಗೆ ಪುಸ್ತಕ ಕೊಟ್ಟೆ. ಅವಳು ಸೊಪ್ಪು ಬಿಡಿಸುತ್ತ ಪ್ರಶ್ನೆ ಕೇಳುವಳು, ನಾನು ತಪ್ಪು ಉತ್ತರ ಹೇಳುವೆನು. ಹೀಗೆ ಒಂದು ತಿಂಗಳಲ್ಲಿ ಪುಸ್ತಕ ನನ್ನ ತಲೆಗೆ ಹತ್ತಿತೋ ಇಲ್ಲವೋ, ಅವಳ ತಲೆಗೆ ಹತ್ತಿತು.

ಒಂದು ಭಾನುವಾರ, ಕೋಳಿಸಾರು ಮಾಡು ಎಂದೆ. ಬೆಳಗ್ಗೆಯೇ ಹುರುಳಿಕಾಳು ಸಾರು ಎಂದು ಒಪ್ಪಿಗೆಯಾಗಿ ಕಾಳು ಬೇಯುತ್ತಿದೆ, ಒಪ್ಪಿದ ಕೆಲಸದಲ್ಲಿ ಬದಲಾವಣೆ ಬೇಕಾದರೆ ಕೋರಿಕೆ ಕೊಡಿ, ಸಮಿತಿ ಕೂತು ತೀರ್ಮಾನಿಸುತ್ತದೆ ಎಂದಳು. ಸಮಿತಿಯಲ್ಲಿ ಯಾರಿದ್ದಾರೆ ಎಂದೆ. ಅವಳು ಮತ್ತು ನನ್ನ ತಾಯಿ. ಇಬ್ಬರೂ ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಸಭೆ ನಡೆಸಿದರು. ಅತ್ತೆ ಸೊಸೆ ಒಂದು ವಿಷಯಕ್ಕೆ ಒಂದೇ ದನಿಯಲ್ಲಿ ಮಾತಾಡಿದ್ದನ್ನು ನನ್ನ ಸಂಸಾರದಲ್ಲಿ ನಾನು ಕೇಳಿದ್ದು ಅದೇ ಮೊದಲು.

ಕೋರಿಕೆ ಒಂದು ಷರತ್ತಿನ ಮೇಲೆ ಒಪ್ಪಿಗೆಯಾಯಿತು. ಬದಲಾವಣೆ ಕೇಳಿದವರೇ ಅದರ ಹೊಣೆ ಹೊರಬೇಕು. ಕೋಳಿ ತಂದೆ, ಮಸಾಲೆ ರುಬ್ಬಿದೆ, ಕಣ್ಣಲ್ಲಿ ನೀರು ಸುರಿಸಿಕೊಂಡು ಈರುಳ್ಳಿ ಹೆಚ್ಚಿದೆ. ಎಲ್ಲರೂ ಚಪ್ಪರಿಸಿ ಉಂಡರು. ಕೆಲಸ ಮುಗಿದ ಮೇಲೆ ಅದರಿಂದ ಕಲಿತದ್ದೇನು ಎಂದು ಗುರುತು ಹಾಕಿಕೊಳ್ಳಬೇಕೆಂದು ಆ ಪುಸ್ತಕದಲ್ಲೇ ಇದೆ. ಹೆಂಡತಿ ಕೈ ತೊಳೆದುಕೊಳ್ಳುತ್ತ ಹಾಕಿಕೊಂಡಳು.

"ಇಷ್ಟ್ ವರ್ಸ ಈ ಮನುಸ್ಯ ಅಡುಗೆ ಬರಲ್ಲ ಅಂತ ಸುಳ್ ಹೇಳ್ಕಂಡು ತಿಂದ್ರು ಕಣತ್ತೆ. ಕಲ್ತಿದ್ದು ಅದು."

ಪರೀಕ್ಷೆ ಮುಗಿದು ಎಷ್ಟೋ ಕಾಲವಾಯಿತು. ಭಾನುವಾರದ ಅಡುಗೆ ಇವತ್ತಿಗೂ ನನ್ನದೇ.

ಕಾವಲು

ಎರಡನೇ ಸಲ ಬೆಂಗಳೂರಿಗೆ ಹೋಗಲು ಸೋದರತ್ತೆ ಬಿಡಲಿಲ್ಲ. ನಮ್ಮೋರು ಅಂತ ಒಬ್ಬರೂ ಜೊತೆಯಲ್ಲಿ ಇಲ್ಲದ್ದಕ್ಕೇ ಮೊದಲ ಸಲ ಹಾಗಾಯಿತು ಎಂಬುದು ಅವರ ತೀರ್ಮಾನ. ವಿಚಾರಿಸಿ ನೋಡಿದರೆ ಈ ಪರೀಕ್ಷೆಯನ್ನು ಮನೆಯಲ್ಲೇ ಕೂತೂ ಬರೆಯಬಹುದಿತ್ತು. ಕೋಣೆಯ ಬಾಗಿಲು ಮುಚ್ಚಿರಬೇಕು. ಒಳಗೆ ಒಬ್ಬನೇ ಇರಬೇಕು. ಕ್ಯಾಮೆರಾದಲ್ಲಿ ಎಲ್ಲಿಂದಲೋ ಒಬ್ಬ ಮೇಲ್ವಿಚಾರಕ ನೋಡುತ್ತಿರುತ್ತಾನೆ. ಎದ್ದರೆ ಪರೀಕ್ಷೆ ರದ್ದು, ಯಾರಾದರೂ ಒಳಗೆ ಬಂದರೆ ರದ್ದು, ತುಟಿ ಅಲ್ಲಾಡಿಸಿದರೂ ರದ್ದು.

ನಾನು ಪುಸ್ತಕದಲ್ಲಿ ಕಲಿತ ಹಾಗೆ, ಏನೇನು ಅಪಾಯ ಬರಬಹುದೆಂದು ಮೊದಲೇ ಯೋಚಿಸಿದೆ. ಕರೆಂಟು ಹೋದರೆ ಇನ್ವರ್ಟರ್ ಇದೆ. ಇಂಟರ್ನೆಟ್ಟಿನ ಡಬ್ಬಿಯನ್ನೂ ಅದಕ್ಕೇ ಜೋಡಿಸಿದೆ. ದೊಡ್ಡ ಅಪಾಯ ನಮ್ಮ ಬೀದಿ. ಪರೀಕ್ಷೆಗೆ ಕೂರುವುದು ಮುಂದಿನ ಕೋಣೆಯಲ್ಲಿ, ಅದರ ಬಾಗಿಲೇ ನಮ್ಮ ಮುಂಬಾಗಿಲು. ನಮ್ಮಲ್ಲಿ ಹಗಲು ಹೊತ್ತಿನಲ್ಲಿ ಯಾರೂ ಮುಂಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಏನೋ ಆಗಿದೆ ಅಂತ ಲೆಕ್ಕ. ಅದರಲ್ಲೂ ಫೇಲಾದವನ ಮನೆ ಬಾಗಿಲು ಹಗಲಲ್ಲಿ ಮುಚ್ಚಿದ್ದರೆ ಒಡೆದೇ ಒಳಗೆ ಬರುತ್ತಾರೆ. ಆದ್ದರಿಂದ ಹೊರಗೆ ಒಬ್ಬರು ಕೂತು ವಿಷಯ ತಿಳಿಸುತ್ತಿರಬೇಕು. ಪ್ರತಿಯೊಂದು ಅಪಾಯಕ್ಕೂ ಒಬ್ಬರನ್ನು ಹೊಣೆ ಮಾಡಿ ಎನ್ನುತ್ತದೆ ಪುಸ್ತಕ. ನಾನು ಸೋದರತ್ತೆಯನ್ನು ಹೊಣೆ ಮಾಡಿದೆ. ನಾನಾಗಿ ಬಾಗಿಲು ತೆಗೆಯುವವರೆಗೆ ಯಾರೂ ಹತ್ತಿರ ಬರಬಾರದು, ಸದ್ದು ಆಗಬಾರದು ಎಂದಷ್ಟೇ ಹೇಳಿದೆ.

ಅತ್ತೆ ಮಾಂಬಳ್ಳಿಯಿಂದ ಒಂದು ಬಿದಿರು ಕೋಲು ತಂದಿದ್ದರು. ಸಂಡಿಗೆ ಒಣಗಿಸಿದಾಗ ಕಾಗೆ ಓಡಿಸುವ ಕೋಲು. ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ನಾನು ದೇವರಿಗೆ ಕೈ ಮುಗಿದು, ತಾಯಿಯ ಕಾಲು ಮುಟ್ಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೊದಲು ಚೆನ್ನಾಗಿಯೇ ನಡೆಯಿತು. ಸೊಪ್ಪಿನ ಗಾಡಿಯವನ ಕೂಗು ಅರ್ಧಕ್ಕೆ ನಿಂತಿತು. ಎದುರುಮನೆಯ ಗ್ರೈಂಡರು ನಿಂತಿತು. ಬೀದಿಯ ಕೊನೆಯಲ್ಲಿರುವ ಹಿಟ್ಟಿನ ಗಿರಣಿಯೂ ನಿಂತಿತು. ಯಾರೋ ಕೆಮ್ಮಿದ್ದಕ್ಕೆ, ಊರಾಚೆಗೆ ಹೋಗಿ ಕೆಮ್ಮು ಎಂದು ಅತ್ತೆ ಗದರಿದ್ದು ಕೇಳಿಸಿತು. ಆಗ ಪರದೆಯ ಮೇಲೆ ಮೇಲ್ವಿಚಾರಕನ ಸಂದೇಶ ಮೂಡಿತು. ಹೊರಗೆ ಒಬ್ಬ ಮಹಿಳೆ ಜೋರಾಗಿ ಕೂಗುತ್ತಿದ್ದಾರೆ, ಇದು ಎಚ್ಚರಿಕೆ ಎಂದಿತ್ತು. ಇಡೀ ಬೀದಿಯಲ್ಲಿ ಸದ್ದು ಮಾಡುತ್ತಿದ್ದವರು ಒಬ್ಬರೇ, ಸದ್ದು ಮಾಡಬೇಡಿ ಎನ್ನುತ್ತಿದ್ದ ನಮ್ಮತ್ತೆ.

ಅರ್ಧ ದಾಟಿತ್ತು. ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಇರಲಿ, ಇನ್ವರ್ಟರ್ ಇದೆಯಲ್ಲ ಎಂದು ಮುಂದುವರಿದೆ. ಆದರೆ ಹಿಂದಿನ ದಿನವೂ ನಮ್ಮಲ್ಲಿ ಕರೆಂಟು ಸರಿಯಾಗಿ ಇರಲಿಲ್ಲ, ಬ್ಯಾಟರಿ ತುಂಬಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಕೀಂ ಕೀಂ ಎನ್ನತೊಡಗಿತು. ಇನ್ನೇನು ಜೀವ ಬಿಡುತ್ತೇನೆ ಎಂಬ ಸೂಚನೆ. ಅದು ಹೋದರೆ ಇಂಟರ್ನೆಟ್ ಹೋಗುತ್ತದೆ, ಇಂಟರ್ನೆಟ್ ಹೋದರೆ ಪರೀಕ್ಷೆ ಹೋಗುತ್ತದೆ, ಪರೀಕ್ಷೆ ಹೋದರೆ ಕುರ್ಚಿ ಅಳಿಯನದು.

ಆಗ ಕಿಟಕಿಯಾಚೆ ಬೈಕು ನಿಂತ ಸದ್ದಾಯಿತು. ನಮ್ಮ ಮನೆಯ ಮುಂದೆಯೇ ಕರೆಂಟು ಕಂಬವಿದೆ. ಲೈನ್‌ಮನ್ ಬಂದಿದ್ದ. ನಮ್ಮಪ್ಪನೇ ಬಂದಷ್ಟು ಸಂತೋಷವಾಯಿತು ನನಗೆ. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು.

"ಯಾರ್ಲಾ ಅದು? ಬೈಕ್ ಆರ್ಸು. ಒಳ್ಗೆ ನಮ್ ಕೂಸು ಪರೀಕ್ಸೆ ಬರೀತಾ ಅದೆ."

"ಲೈನ್‌ಮನ್ ಕಣಜ್ಜಿ. ಕಂಬದಲ್ಲಿ ಫಾಲ್ಟ್ ಆಗದೆ. ಅತ್ತಿ ಸರಿ ಮಾಡ್ಬುಟ್ಟು ಓಯ್ತೀನಿ."

"ಅತ್ತೋದು ಇಳ್ಯೋದು ಎಲ್ಲ ಆಮ್ಯಾಕೆ. ಕೂಸು ಬಾಗ್ಲು ತಗ್ಯೋಗಂಟ ಒಂದ್ ಕಾಗೆನೂ ಆ ಕಂಬುದ್ ಮ್ಯಾಲೆ ಕೂರ್ಸಕಿಲ್ಲ ನಾನು."

"ಕರೆಂಟ್ ಬೇಡ್ವಾ ಅಜ್ಜಿ?"

"ನಮ್ಗೇನ್ ಬ್ಯಾಡ. ಅಗಲೊತ್ತು. ಕೂತ್ಕೊ, ಮಜ್ಗೆ ಕುಡಿ."

ನಾನು ಒಳಗೆ ಕುರ್ಚಿಯ ಹಿಡಿ ಬಿಗಿಹಿಡಿದು ಕೂತಿದ್ದೆ. ಏಳುವಂತಿಲ್ಲ, ಕೂಗುವಂತಿಲ್ಲ, ಕಿಟಕಿಯ ಕಡೆ ತಿರುಗುವಂತಿಲ್ಲ. ಹೊರಗೆ ಲೈನ್‌ಮನ್ ಮಜ್ಜಿಗೆ ಕುಡಿದು ಇನ್ನೊಂದು ಲೋಟ ಕೇಳಿದ. ಯಾವ ಊರು, ಯಾರ ಮಗ ಎಂದು ಅತ್ತೆ ವಿಚಾರಿಸಿದರು. ಅವರ ನಾದಿನಿಯ ಕಡೆಯಿಂದ ದೂರದ ಸಂಬಂಧ ಹೊರಟಿತು. ಅವನು ಅಜ್ಜಿ ಎನ್ನುವುದು ಬಿಟ್ಟು ದೊಡ್ಡವ್ವ ಎಂದು ಕರೆಯತೊಡಗಿದ. ಹೆಲ್ಮೆಟ್ ತೆಗೆದಿಟ್ಟ ಸದ್ದೂ ಕೇಳಿಸಿತು. ಇನ್ವರ್ಟರು ಕೀಂ ಕೀಂ ಎನ್ನುತ್ತಲೇ ಇತ್ತು.

ಪರದೆಯ ಮೇಲೆ ಮುಂದಿನ ಪ್ರಶ್ನೆ ಬಂತು. ಒಂದು ಅಪಾಯ ತಪ್ಪಿಸಲು ನೀವು ಕೈಗೊಂಡ ಕ್ರಮದಿಂದಲೇ ಇನ್ನೊಂದು ಹೊಸ ಅಪಾಯ ಹುಟ್ಟಿದರೆ ಅದನ್ನು ಏನೆಂದು ಕರೆಯುತ್ತಾರೆ? ಕೆಳಗೆ ನಾಲ್ಕು ಉತ್ತರಗಳು. ಮೊದಲ ಸಲ ನಾನು ಇದೇ ಪ್ರಶ್ನೆಯನ್ನು ತಪ್ಪು ಮಾಡಿದ್ದೆ. ಈ ಸಲ ಅದರ ಅರ್ಥ ಮೈಯ ಪ್ರತಿ ರೋಮಕ್ಕೂ ಗೊತ್ತಿತ್ತು. ಆದರೆ ನನಗೆ ಗೊತ್ತಿದ್ದ ಉತ್ತರ ಆ ನಾಲ್ಕರಲ್ಲಿ ಇರಲಿಲ್ಲ. ಅದು ಜಗಲಿಯ ಮೇಲೆ ಕೋಲು ಹಿಡಿದು ಕೂತಿತ್ತು.

ಪುಸ್ತಕದ ಉತ್ತರ ಒತ್ತಿ ಮುಂದಕ್ಕೆ ಹೋದೆ. ಇನ್ನು ಯೋಚನೆ ಮಾಡಿಕೊಂಡು ಕೂರುವ ಹಾಗಿರಲಿಲ್ಲ. ಮೊದಲ ಸಲ ಪ್ರತಿ ಪ್ರಶ್ನೆಗೂ ರಾಮಾಪುರದಲ್ಲಿ ಹೀಗಾದಾಗ ನಾನೇನು ಮಾಡಿದ್ದೆ ಎಂದು ನೆನೆಸಿಕೊಂಡು ಉತ್ತರಿಸಿದ್ದೆ. ಈ ಸಲ ನೆನೆಸಿಕೊಳ್ಳಲು ಬ್ಯಾಟರಿ ಇಲ್ಲ. ಹೆಂಡತಿ ಸೊಪ್ಪು ಬಿಡಿಸುತ್ತ ಗಿಣಿಪಾಠ ಮಾಡಿಸಿದ್ದನ್ನು ಹಾಗೆಯೇ ಒತ್ತಿದೆ. ಇಬ್ಬರು ಜಗಳವಾಡಿದರೆ? ಎದುರುಬದುರು ಕೂರಿಸು. ಒಗ್ಗಟ್ಟಿಲ್ಲವೇ? ಮೀಟಿಂಗ್ ಮಾಡು. ಮೀಟಿಂಗಿನಿಂದ ತೊಂದರೆಯೇ? ಇನ್ನೊಂದು ಮೀಟಿಂಗ್ ಮಾಡು. ಅನುಭವವನ್ನು ಪೂರ್ತಿ ಪಕ್ಕಕ್ಕಿಟ್ಟು, ಬುದ್ಧಿಯನ್ನು ಮುಟ್ಟದೆ, ಕೊನೆಯ ಪ್ರಶ್ನೆಯ ತನಕ ಓಡಿದೆ. ಕೊನೆಯ ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಪಾಸು ಎಂದು ಬಂತು. ಕೆಳಗೆ ವಿಷಯವಾರು ವಿವರ. 'ಜನ' ಎಂಬ ಭಾಗದಲ್ಲಿ ನಾನು ಅತ್ಯುತ್ತಮ ದರ್ಜೆ. ಬಾಗಿಲು ಹಾಕಿಕೊಂಡು, ಅಷ್ಟು ಹೊತ್ತು ಒಬ್ಬ ಮನುಷ್ಯನ ಮುಖ ನೋಡದೆ, ಒಂದು ಮಾತಾಡದೆ ಕೂತಿದ್ದಕ್ಕೆ ಸಿಕ್ಕ ದರ್ಜೆ ಅದು. ಅಷ್ಟರಲ್ಲಿ ಇನ್ವರ್ಟರ್ ಒಂದು ಸಲ ಉದ್ದಕ್ಕೆ ಕೂಗಿ ಪ್ರಾಣ ಬಿಟ್ಟಿತು.

ಎದ್ದು ಬಾಗಿಲು ತೆಗೆದೆ. ಇಡೀ ಬೀದಿ ನಮ್ಮ ಅಂಗಳದಲ್ಲಿ ಪಿಸುಗುಟ್ಟುತ್ತ ನಿಂತಿತ್ತು. ಗಿರಣಿಯವನು, ಗಾಡಿಯವನು, ಹಿಟ್ಟು ಬೀಸಿಸಲು ಬಂದವರು, ಎಲ್ಲರೂ. ಅತ್ತೆ ನನ್ನ ಮುಖ ನೋಡದೆ ಮೊದಲು ಲೈನ್‌ಮನ್ ಕಡೆ ತಿರುಗಿ, ಈಗ ಅತ್ತಪ್ಪ ಎಂದು ಕೋಲಿನಿಂದ ಕಂಬ ತೋರಿಸಿದರು. ಅವನು ಹತ್ತಿ ಏನೋ ತಿರುವಿದ್ದೇ ತಡ, ಗ್ರೈಂಡರು, ಗಿರಣಿ, ಯಾರದೋ ಮನೆಯ ಟಿವಿ, ದೇವಸ್ಥಾನದ ಮೈಕು, ಎಲ್ಲ ಒಟ್ಟಿಗೆ ಹೊಡೆದುಕೊಂಡವು. ಪಾಸಾದೆ ಅತ್ತೆ ಎಂದು ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ಅತ್ತೆ ನನ್ನ ಕೆನ್ನೆ ಹಿಡಿದು ಅತ್ತೇಬಿಟ್ಟರು. ನಾನೂ ಅತ್ತೆ. ಅದನ್ನು ನೋಡಿ ಜನ ಈ ಸಲವೂ ಫೇಲು ಎಂದುಕೊಂಡು, ಒಬ್ಬೊಬ್ಬರಾಗಿ ಏನೂ ಹೇಳದೆ ಮನೆಗಳಿಗೆ ಹೊರಟರು. ಅವರನ್ನು ಹಿಂದಕ್ಕೆ ಕರೆಯುವಷ್ಟರಲ್ಲಿ ನನ್ನ ಹೆಂಡತಿಗೆ ಸಾಕುಸಾಕಾಯಿತು.

ಮರುದಿನ ಅತ್ತೆ ಚೀಲ ತೆಗೆದುಕೊಂಡು ಊರಿಗೆ ಹೊರಡುವ ಹೊತ್ತಿಗೆ ಮಾಲೀಕರ ಫೋನು ಬಂತು. ಮಾತಿಗೆ ತಪ್ಪುವವರಲ್ಲ ಅವರು. ಕುರ್ಚಿ ನನಗೇ ಕೊಟ್ಟಿದ್ದರು, ಸೋಮವಾರದಿಂದ ಅಲ್ಲೇ ಕೂರಬಹುದು. ಜೊತೆಗೆ ಇನ್ನೊಂದು ವಿಷಯ. ಮ್ಯಾನೇಜರುಗಳನ್ನು ನೋಡಿಕೊಳ್ಳಲು ಅವರ ಮೇಲೆ ಒಬ್ಬ ಪ್ರೋಗ್ರಾಂ ಮ್ಯಾನೇಜರ್ ಇರಬೇಕಂತೆ. ಆ ಕುರ್ಚಿ ಹೊಸದಾಗಿ ಮಾಡಿಸಿದ್ದಾರಂತೆ, ಸ್ವಲ್ಪ ದೊಡ್ಡದು. ಅದರಲ್ಲಿ ಅಳೀಮಯ್ಯ. ಆ ಕುರ್ಚಿಗೂ ಬೇರೆಯದೇ ಒಂದು ಪರೀಕ್ಷೆ ಇದೆಯಂತೆ. ಅಳೀಮಯ್ಯನಿಗೆ ಬೇಕಿಲ್ಲ, ನನಗೆ ಆಸೆ ಇದ್ದರೆ ಬರೆಯಬಹುದಂತೆ.

ಫೋನು ಇಟ್ಟೆ. ಅತ್ತೆ ಹೊಸಿಲ ಹತ್ತಿರ ನಿಂತು ಏನಂತೆ ಎಂದು ಕೇಳಿದರು. ಹೇಳಿದೆ. ಅತ್ತೆ ಬಿದಿರು ಕೋಲನ್ನು ನಮ್ಮ ಬಾಗಿಲ ಸಂದಿಗೆ ಒರಗಿಸಿಟ್ಟರು. ಬೀದಿಯವರಿಗೆಲ್ಲ ಕೇಳುವ ಹಾಗೆ, ಫೇಲಾದ ಸಲ ಬಾಯಲ್ಲೇ ಉಳಿದಿದ್ದ ಮಾತನ್ನು ಹೇಳಿದರು.

"ಓಗ್ಬತ್ತೀನಿ ಕಣ್ ಕೂಸು. ಕೋಲು ಇಲ್ಲೇ ಇರ್ಲಿ."